ಗೋಡೆಯಾಚೆಗೆ ಕೇಳಿಸದ ಕಂಪ್ರೆಸರ್ ಯಾವುದು?

ಪ್ರಶ್ನೆ: ನಿವೃತ್ತಿಯ ನಂತರ ಮನೆಯ ಕಾರ್ ಶೆಡ್ಡಿನಲ್ಲಿ ಹಲಸಿನ ಮರದ ದೇವರ ಮಂಟಪ, ಮಣೆ, ಚಿಕ್ಕ ಕಪಾಟುಗಳನ್ನು ಮಾಡುತ್ತಿದ್ದೇನೆ. ಮೊಳೆ ಹೊಡೆಯುವ ಗನ್ನಿಗೂ ಸ್ಪ್ರೇ ಪಾಲಿಶ್‌ಗೂ ಏರ್ ಕಂಪ್ರೆಸರ್ ಬೇಕಾಗಿದೆ. ಗೋಡೆಯಾಚೆಯ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಹುಡುಗಿಯಿದ್ದಾಳೆ. ಅಂಗಡಿಯವರು 24 ಲೀಟರಿನ ಒಂದು ಸಾಮಾನ್ಯ ಯಂತ್ರವನ್ನೂ, ಅದಕ್ಕಿಂತ ದುಬಾರಿಯಾದ ‘ಸೈಲೆಂಟ್’ ಯಂತ್ರವನ್ನೂ ತೋರಿಸಿದರು. ಹೆಚ್ಚಿನ ಹಣ ಕೊಡುವುದು ಸಾರ್ಥಕವೇ?
— ಓದುಗರೊಬ್ಬರು, ಕ್ಯಾತ್ಸಂದ್ರ, ತುಮಕೂರು

ಉತ್ತರ: ಸಾರ್ಥಕವೇ ಹೌದು. ಆದರೆ ಸದ್ದಿನ ಲೆಕ್ಕಕ್ಕಿಂತ ಮೊದಲು ಗಾಳಿಯ ಲೆಕ್ಕ ಮಾಡಿಕೊಳ್ಳಿ, ಏಕೆಂದರೆ ಗಾಳಿ ಸಾಲದ ಯಂತ್ರವು ಎಷ್ಟೇ ಮೆತ್ತಗಿದ್ದರೂ ಬಿಡುವಿಲ್ಲದೆ ಓಡುತ್ತಲೇ ಇರುತ್ತದೆ.

24 ಲೀಟರಿನ ಟ್ಯಾಂಕಿನಲ್ಲಿ ಒತ್ತಡ 8 ಬಾರ್‌ನಿಂದ 6 ಬಾರ್‌ಗೆ ಇಳಿಯುವಷ್ಟರಲ್ಲಿ ನಮಗೆ ಸಿಗುವುದು, ಹೊರಗಿನ ಸಾಮಾನ್ಯ ಒತ್ತಡದಲ್ಲಿ ಅಳೆದರೆ, ಸುಮಾರು 48 ಲೀಟರ್ ಗಾಳಿ. ಸಣ್ಣ ಮೊಳೆಯ ಗನ್ನು ಒಂದು ಹೊಡೆತಕ್ಕೆ ಹೆಚ್ಚೂಕಡಿಮೆ ಒಂದು ಲೀಟರ್ ತೆಗೆದುಕೊಳ್ಳುತ್ತದೆಂದು ಹಿಡಿದರೂ, ಮೋಟಾರ್ ಮತ್ತೆ ಶುರುವಾಗುವ ಮೊದಲು ಒಂದು ಕಪಾಟಿನ ಹಿಂಬದಿಯ ಹಲಗೆಯನ್ನು ಪೂರ್ತಿ ಕೂಡಿಸಬಹುದು. ಸ್ಪ್ರೇ ಗನ್ನಿನ ಹಸಿವು ಬೇರೆಯೇ. 5 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ ಎಂಬ ಅಳತೆ) ಕೇಳುವ ಗನ್ನೆಂದರೆ ನಿಮಿಷಕ್ಕೆ 140 ಲೀಟರ್. ಅದೇ 48 ಲೀಟರ್ ಇಪ್ಪತ್ತೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಆದ್ದರಿಂದ ಪಾಲಿಶ್ ಕೆಲಸ ನಿಜವಾಗಿಯೂ ಇದ್ದರೆ 50 ಲೀಟರಿನ ಟ್ಯಾಂಕಿಗೆ ಹೋಗಿ, ಗನ್ನನ್ನೂ ಕಡಿಮೆ ಗಾಳಿ ಬೇಡುವ ಚಿಕ್ಕದನ್ನೇ ಆರಿಸಿ. ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಸಿಎಫ್‌ಎಂ ಬಹಳ ಸಲ ಪಿಸ್ಟನ್ ಎಳೆದುಕೊಳ್ಳುವ ಗಾಳಿಯ ಲೆಕ್ಕವಾಗಿರುತ್ತದೆ. ಹೊರಗೆ ಕೊಡುವ ಗಾಳಿ, ಅಂದರೆ ‘ಎಫ್‌ಎಡಿ’, ಅದಕ್ಕಿಂತ ಸಾಕಷ್ಟು ಕಡಿಮೆ. ಅಂಗಡಿಯಲ್ಲಿ ಕೇಳಬೇಕಾದದ್ದು ಈ ಎರಡನೆಯ ಅಂಕಿ.

ಈಗ ಸದ್ದಿನ ವಿಷಯ. ಅಗ್ಗದ ಆಯಿಲ್‌ಫ್ರೀ, ಅಂದರೆ ಆಯಿಲ್ ಹಾಕದೆ ಓಡುವ, ಯಂತ್ರದಲ್ಲಿ ಮೋಟಾರು ನಿಮಿಷಕ್ಕೆ ಸುಮಾರು 2,800 ಸುತ್ತು ತಿರುಗಿ, ಪಿಸ್ಟನ್ನನ್ನೂ ಅದೇ ವೇಗದಲ್ಲಿ ಬಡಿಸುವುದರಿಂದ ಕಿವಿಗೆ ಕರಕರ ಎನ್ನುವ ಕರ್ಕಶ ಸದ್ದು ಬರುತ್ತದೆ. ಅದು 80 ಡೆಸಿಬೆಲ್ ದಾಟುವುದು ಸಾಮಾನ್ಯ. ‘ಸೈಲೆಂಟ್’ ಯಂತ್ರದ ಮೋಟಾರು ಸುಮಾರು 1,400 ಸುತ್ತಿನದು. ವೇಗದಲ್ಲಿ ಕಳೆದುಕೊಂಡದ್ದನ್ನು ಸಾಮಾನ್ಯವಾಗಿ ಎರಡು ಪಿಸ್ಟನ್ನುಗಳಿಂದ ತುಂಬಿಕೊಳ್ಳುತ್ತದೆ. ಅಲ್ಲಿ 60ರಿಂದ 70ರ ನಡುವಿನ ಅಂಕಿ ಬರೆದಿರುತ್ತಾರೆ. ಹತ್ತು ಡೆಸಿಬೆಲ್ ಇಳಿದರೆ ಶಬ್ದದ ಶಕ್ತಿ ಹತ್ತನೇ ಒಂದು ಪಾಲಾಗುತ್ತದೆ, ಕಿವಿಗೆ ಸುಮಾರು ಅರ್ಧದಷ್ಟೆನಿಸುತ್ತದೆ. ಹಾಗಾಗಿ ಈ ವ್ಯತ್ಯಾಸ ಅಲ್ಪವಲ್ಲ. ಆದರೆ ಎಷ್ಟು ದೂರದಿಂದ ಅಳೆದದ್ದೆಂದು ಬರೆಯದ ಅಂಕಿಯನ್ನು ನಾನು ನಂಬುವುದಿಲ್ಲ. ಮೋಟಾರು ಬೆಲ್ಟಿನ ಮೂಲಕ ಪಂಪನ್ನು ತಿರುಗಿಸುವ, ಆಯಿಲ್ ಹಾಕುವ ಬೆಲ್ಟ್ ಯಂತ್ರದ ಸದ್ದು ತಗ್ಗು ಸ್ವರದ್ದು, ಬಾಳಿಕೆಯೂ ಚೆನ್ನ. ಆದರೆ ಆಯಿಲ್ಲಿನ ತುಂತುರು ಗಾಳಿಯೊಡನೆ ಸೇರಿ ಪಾಲಿಶ್ ಮೇಲೆ ಕಣ್ಣುಕಣ್ಣಾಗಿ ಏಳುವ ಭಯವಿರುವುದರಿಂದ ಒಳ್ಳೆಯ ಫಿಲ್ಟರ್ ಬೇಕು.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45. ಆ ಹುಡುಗಿ ಓದಲು ಕೂರುವ ಹೊತ್ತನ್ನು ಕೇಳಿ ತಿಳಿದುಕೊಂಡು, ಅದಕ್ಕೆ ಮುಂಚೆಯೇ ಟ್ಯಾಂಕ್ ತುಂಬಿಸಿಟ್ಟುಕೊಳ್ಳಿ. ನೆರೆಹೊರೆಯ ಸಲಿಗೆಯಲ್ಲಿ ಇಷ್ಟು ಕೇಳುವುದಕ್ಕೆ ಸಂಕೋಚ ಬೇಡ.

ಯಂತ್ರ ತಂದ ಮೇಲೆ ಅದನ್ನು ಎಲ್ಲಿ ಇಡುತ್ತೀರೆಂಬುದೂ ಯಂತ್ರದಷ್ಟೇ ಮುಖ್ಯ. ನಾನು ಮೊದಲು ಕೊಂಡದ್ದನ್ನು ಗೋಡೆಗೆ ಒತ್ತಿ ಬರೀ ನೆಲದ ಮೇಲಿಟ್ಟಿದ್ದೆ. ಮೋಟಾರ್ ಎದ್ದಾಗಲೆಲ್ಲ ಆಚೆ ಬದಿಯ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ತಟ್ಟೆಗಳು ಝಣಝಣ ಎನ್ನುತ್ತಿದ್ದವು. ಕಾಲುಗಳ ಕೆಳಗೆ ದಪ್ಪ ರಬ್ಬರ್ ಕೊಟ್ಟು ಗೋಡೆಯಿಂದ ಒಂದಡಿ ಸರಿಸಿದ ದಿನ ತಟ್ಟೆಗಳು ಸುಮ್ಮನಾದವು. ಅದರಿಂದ ಉಮೇದು ಬಂದು ಪ್ಲೈವುಡ್ ಪೆಟ್ಟಿಗೆ ಮಾಡಿ ಯಂತ್ರವನ್ನು ಪೂರ್ತಿ ಮುಚ್ಚಿದೆ. ಬೇಸಿಗೆಯ ಒಂದು ಮಧ್ಯಾಹ್ನ ಮೋಟಾರ್ ಬಿಸಿಯೇರಿ ತಾನೇ ನಿಂತುಹೋಯಿತು. ಪೆಟ್ಟಿಗೆ ಮಾಡುವುದಾದರೆ ಗಾಳಿ ಒಳಬರಲು ಮತ್ತು ಹೊರಹೋಗಲು ದಾರಿಯಿರಲಿ, ಒಂದು ಫ್ಯಾನೂ ಇರಲಿ.

ಪಾಲಿಶ್ ಹೊಡೆಯುವ ಜಾಗದಲ್ಲಿ ಮಾತ್ರ ಯಂತ್ರವನ್ನು ಇಡಲೇಬೇಡಿ. ಪ್ರೆಷರ್ ಸ್ವಿಚ್ಚಿನ ಕಿಡಿಗೆ ಥಿನ್ನರ್ ಆವಿ ಹೊತ್ತಿಕೊಳ್ಳಬಹುದು. ಉದ್ದದ ಹೋಸ್ ಹಾಕಿ ದೂರವಿಡಿ. ನೀರಿನ ಪಿವಿಸಿ ಪೈಪಿನಲ್ಲಿ ಗಾಳಿಯ ಲೈನ್ ಎಳೆಯುವ ಆಲೋಚನೆಯೂ ಬೇಡ; ಒತ್ತಡಕ್ಕೆ ಅದು ಚೂರುಚೂರಾಗಿ ಸಿಡಿಯುತ್ತದೆ.

ಕೊಳ್ಳುವ ದಿನ, ಖಾಲಿ ಟ್ಯಾಂಕಿನಿಂದ ಪೂರ್ತಿ ತುಂಬುವವರೆಗೆ ಓಡಿಸಿ ತೋರಿಸಲು ಹೇಳಿ, ಗಡಿಯಾರ ನೋಡಿಕೊಳ್ಳಿ. ಒತ್ತಡ ಏರಿದಂತೆ ಸದ್ದೂ ಬದಲಾಗುತ್ತದೆ; ಕೊನೆಯ ಅರ್ಧ ನಿಮಿಷವನ್ನು ಅಂಗಡಿಯ ಬಾಗಿಲಾಚೆ ನಿಂತು ಕೇಳಿ.