ಎಳಿ ಗಂಟು ಹಾಕೂಮುಂದ ಕೈ ನಿಂದರ್ತೈತಿ, ಆವಾಗ ಒತ್ರಿ

ಓದುಗರ ಫೋಟೋಗ್ರಫಿ ಪ್ರಶ್ನೆಗಳಿಗೆ ಗದಗಿನ ಹಿರಿಯ ಫೋಟೋಗ್ರಾಫರ್ ಒಬ್ಬರ ಉತ್ತರ

ಪ್ರಶ್ನೆ: ಸರ್, ನಾನು ಎಂ.ಎ. ವಿದ್ಯಾರ್ಥಿನಿ. ಪರಿಚಯದ ಫೋಟೋಗ್ರಾಫರ್ ಒಬ್ಬರಿಗೆ ಎರಡು ವರ್ಷದಿಂದ ಮಾಡೆಲ್ ಆಗಿದ್ದೇನೆ. ಸಾಧನಕೇರಿಯಲ್ಲಿ ತೆಗೆದ ಒಂದು ಫೋಟೋಗೆ ಬಹುಮಾನ ಬಂತು. ಅಜ್ಜಿಯ ಹಳೇ ಇಳಕಲ್ ಸೀರೆ ಉಡ್ತೀನಿ ಅಂದದ್ದು ನಾನು. ಕೆರೆಗೆ ಬೆನ್ನು ಹಾಕಿ, ಸೆರಗು ಹಿಂಡುತ್ತಾ ಕೂತದ್ದೂ ನನಗೇ ತೋಚಿದ್ದು. ಫೋಟೋ ಕೆಳಗೆ ನನ್ನ ಹೆಸರಿಲ್ಲ. ಕೇಳಿದ್ದಕ್ಕೆ 'ನೀನು ಸುಮ್ನೆ ಕೂತಿದ್ದೆ ಅಲ್ವಾ' ಅಂದರು. ಮಾಡೆಲ್‌ಗೆ ಕಲೆಯಲ್ಲಿ ಪಾಲೇ ಇಲ್ಲವಾ?
– ಹೆಸರು ಬೇಡ, ಧಾರವಾಡ

ಉತ್ತರ: ಇದೆ ತಂಗೀ. ನನಗೆ ಅದನ್ನು ಕಲಿಸಿದವರು ಬೆಟಗೇರಿಯ ಒಬ್ಬ ನೇಕಾರ ಹೆಣ್ಣುಮಗಳು.

ಆಗ ನನಗೆ ಮೂವತ್ತರ ಆಸುಪಾಸು. ಫಿಲ್ಮ್ ರೋಲಿನ ಕಾಲ. ಅವರ ಮನೆಯ ಮಗ್ಗದ ಕೋಣೆಗೆ ಇದ್ದದ್ದು ಒಂದೇ ಬೆಳಕಿಂಡಿ. ಫ್ಲಾಶ್ ಹಾಕಿದರೆ ಆ ಬೆಳಕೇ ಸತ್ತುಹೋಗುತ್ತದೆ ಅಂತ ಟ್ರೈಪಾಡ್ ನಿಲ್ಲಿಸಿ, ಸೆಕೆಂಡಿನ 1/8ರಷ್ಟು ಹೊತ್ತು ಶಟರ್ ತೆರೆದಿಟ್ಟು ತೆಗೆಯುತ್ತಿದ್ದೆ. ಲಾಳಿ ಓಡುತ್ತಿದ್ದರೆ ಕೈ ಬರೀ ಹೊಗೆಯ ಹಾಗೆ ಬೀಳುತ್ತಿತ್ತು. ಸಾಲದ್ದಕ್ಕೆ 'ಸ್ವಲ್ಪ ನಗ್ರಿ ಅಕ್ಕಾರ' ಅಂತಲೂ ಹೇಳಿದೆ. ಅವರು ಮಗ್ಗ ನಿಲ್ಲಿಸಿ ನನ್ನ ಮುಖ ನೋಡಿದರು. 'ಎಳಿ ನೋಡ್ಕೊಂತ ಯಾರ್ ನಗ್ತಾರ್ರೀ?' ಅಂದರು. ಎರಡು ರೋಲ್ ಹಾಳಾದವು.

ಮರುದಿನ ಹೋದಾಗ ಅವರೇ ದಾರಿ ಹೇಳಿದರು. 'ಎಳಿ ಹರೀತದಲ್ರೀ, ಅದಕ್ಕ ಗಂಟು ಹಾಕೂಮುಂದ ಕೈ ನಿಂದರ್ತೈತಿ. ಉಸಿರೂ ಹಿಡಿದಿರ್ತೀನಿ. ಆವಾಗ ಒತ್ರಿ.' ಹಾಗೇ ಮಾಡಿದೆ. ಬಿಗಿದ ತುಟಿ, ಎರಡು ಬೆರಳ ನಡುವೆ ಕೂದಲಿನಷ್ಟು ಸಣ್ಣ ಎಳೆ, ಮೇಲಿಂದ ಬಿದ್ದ ಬೆಳಕು. ನಾನು ತೆಗೆದದ್ದರಲ್ಲಿ ಇವತ್ತಿಗೂ ನನಗೆ ಅದೇ ಮೊದಲು.

ಯಾವ ಗಳಿಗೆಯಲ್ಲಿ ಒತ್ತಬೇಕು ಅನ್ನುವುದೇ ನಮ್ಮ ಕೆಲಸದ ಜೀವ ಅಂತ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಫೋಟೋದಲ್ಲಿ ಆ ಗಳಿಗೆಯನ್ನು ಆರಿಸಿದವರು ಅವರು. ಆದರೂ ಪ್ರದರ್ಶನದಲ್ಲಿ ಕೆಳಗೆ ನನ್ನ ಹೆಸರು ಮಾತ್ರ ಹಾಕಿದ್ದೆ, ಮೇಲೆ 'ನೇಕಾರ್ತಿ' ಅಂತ. ಅವರ ಮಗಳು ನೋಡಲು ಬಂದಿದ್ದಳು. 'ಅವ್ವನ ಹೆಸರು ಎಲ್ಲೈತ್ರಿ?' ಅಂದಳು. ನನಗೆ ಬಾಯಿ ಬರಲಿಲ್ಲ. ಪೆನ್ನು ತಗೊಂಡು ಅವಳ ಎದುರಿಗೇ ಬರೆದೆ. ಪತ್ರಿಕೆಯಲ್ಲಿ ಹಾಕಲು ಅವರನ್ನು ಕೇಳಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿಲ್ಲ.

ಇದು ನನ್ನೊಬ್ಬನ ಅನುಭವವಲ್ಲ. ಪ್ಯಾರಿಸ್‌ನಲ್ಲಿ 1856ರಿಂದಲೇ ಕ್ಯಾಸ್ಟಿಲ್ಯೋನೆಯ ಕೌಂಟೆಸ್ ಅನ್ನುವ ಹೆಣ್ಣುಮಗಳು ಪಿಯರ್ಸನ್ ಎಂಬ ಫೋಟೋಗ್ರಾಫರ್ ಹತ್ತಿರ 400ಕ್ಕೂ ಹೆಚ್ಚು ಫೋಟೋ ತೆಗೆಸಿಕೊಂಡಳು. ಯಾವ ಉಡುಪು, ಯಾವ ಭಂಗಿ, ಯಾವ ವೇಷ ಎಲ್ಲಾ ಅವಳೇ ಹೇಳುತ್ತಿದ್ದಳು. ಇವತ್ತು ಆ ಫೋಟೋಗಳನ್ನು ಜನ ನೆನೆಯುವುದು ಜಾಸ್ತಿ ಅವಳ ಹೆಸರಿನಿಂದಲೇ. ನಮ್ಮ ಬೆಂಗಳೂರಿನ ಎನ್. ಪುಷ್ಪಮಾಲಾ ಅವರನ್ನು ನೋಡು. ಶಿಲ್ಪಕಲೆ ಓದಿದವರು, ತಾವೇ ವೇಷ ಹಾಕಿ ಕ್ಯಾಮೆರಾ ಮುಂದೆ ನಿಂತರು. ದಕ್ಷಿಣ ಭಾರತದ ಹೆಣ್ಣುಮಕ್ಕಳ ಮೇಲೆ 2000ರಿಂದ 2004ರವರೆಗೆ ಮಾಡಿದ ಸರಣಿಯಲ್ಲಿ ರವಿವರ್ಮನ ಲಕ್ಷ್ಮಿಯೂ ಆದರು. ಜೊತೆಗಿದ್ದ ಫೋಟೋಗ್ರಾಫರ್ ಕ್ಲೇರ್ ಆರ್ನಿ. ಆ ಸರಣಿಗೆ ಇಬ್ಬರ ಹೆಸರೂ ಇದೆ. ನಿನ್ನ ಫೋಟೋಗೆ ಯಾಕೆ ಇರಬಾರದು?

ಹಾಗಂತ ಎಲ್ಲಾ ಫೋಟೋದಲ್ಲೂ ಪಾಲು ಒಂದೇ ಸಮ ಇರುವುದಿಲ್ಲ. ಸೀರೆ ಅಂಗಡಿಯ ಕ್ಯಾಟಲಾಗಿಗೆ ಅವರು ಹೇಳಿದಂತೆ ನಿಂತು ಬಂದರೆ ಅದು ದುಡಿಮೆ, ಅದಕ್ಕೆ ಸರಿಯಾದ ಕೂಲಿ ಸಿಕ್ಕರೆ ಸಾಕು. ಸಾಧನಕೇರಿಯದು ಹಾಗಲ್ಲ. ಸೀರೆ ನಿನ್ನದು, ಕೂತ ಬಗೆ ನಿನ್ನದು, ಸೆರಗು ಹಿಂಡುವ ಕೈ ನಿನ್ನ ಯೋಚನೆ. ಬೆಳಕು ನೋಡಿದ್ದು, ನೂರರಲ್ಲಿ ಒಂದನ್ನು ಆರಿಸಿದ್ದು ಅವರು. ಅದೂ ಸಣ್ಣ ಕೆಲಸವಲ್ಲ.

ಕಾನೂನಿನ ಮಾತು ಬೇರೆ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಫೋಟೋದ ಕರ್ತೃ ಅಂದರೆ ಅದನ್ನು ತೆಗೆದವರು. ಮುಂದೆ ನಿಂತವರ ಯೋಚನೆಯನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕೇ ಮೊದಲೇ ಒಂದು ಹಾಳೆಯ ಮೇಲೆ ಬರೆದುಕೊಳ್ಳಬೇಕು: ಫೋಟೋ ಎಲ್ಲೆಲ್ಲಿ ಹಾಕಬಹುದು, ಹೆಸರು ಹೇಗೆ ಬರಬೇಕು, ಬಹುಮಾನ ಬಂದರೆ ಅಥವಾ ಮಾರಿದರೆ ನಿನಗೆಷ್ಟು. ಇಬ್ಬರ ಸಹಿ ಹಾಕಿ, ಪ್ರತಿ ನಿನ್ನ ಹತ್ತಿರವೂ ಇರಲಿ. ಮುಗಿದುಹೋದ ಬಹುಮಾನದ ದುಡ್ಡಿಗೆ ಜಗಳ ಬೇಡ, ಗೆಲ್ಲುವುದು ಕಷ್ಟ. ಆದರೆ ಹೆಸರನ್ನು ಮಾತ್ರ ಬಿಡಬೇಡ. ಮುಂದಿನ ಪ್ರದರ್ಶನಕ್ಕೆ ಮೊದಲು ಕೇಳು. 'ಸುಮ್ನೆ ಕೂತಿದ್ದೆ' ಅನ್ನುವ ಮಾತು ಮತ್ತೆ ಬಂದರೆ ಅವರ ಜೊತೆ ಕೆಲಸ ನಿಲ್ಲಿಸು. ನಿನ್ನ ಯೋಚನೆಯನ್ನು ಕೇಳುವ ಫೋಟೋಗ್ರಾಫರ್ ಸಿಗುತ್ತಾರೆ.

ಪ್ರಶ್ನೆ: ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಫೋಟೋ ಸರಣಿ ಮಾಡಬೇಕು. ಅವರಿಗೆ ಪೋಸ್ ಹೇಗೆ ಹೇಳಿಕೊಡಲಿ?
– ಕಾಲೇಜು ವಿದ್ಯಾರ್ಥಿ, ಹಾವೇರಿ ಜಿಲ್ಲೆ

ಉತ್ತರ: ಹೇಳಿಕೊಡಬೇಡ ತಮ್ಮಾ. ಮೊದಲ ದಿನ ಕ್ಯಾಮೆರಾ ಚೀಲದಲ್ಲೇ ಇರಲಿ. ಅವರ ಪಕ್ಕ ಕೂತು ನೀನೂ ತೊಟ್ಟು ಬಿಡಿಸು. ಕೈ ಉರಿದಾಗ ಅವರು ಏನು ಮಾಡುತ್ತಾರೆ, ಕಣ್ಣು ಹೇಗೆ ಒರೆಸಿಕೊಳ್ಳುತ್ತಾರೆ ಅಂತ ಗೊತ್ತಾಗುತ್ತದೆ. ಎರಡನೇ ದಿನ 'ನಿಮ್ಮ ಕೆಲಸದಾಗ ಏನು ತೋರಿಸಬೇಕ್ರಿ?' ಅಂತ ಕೇಳು. ಅವರು ತೋರಿಸಿದ್ದನ್ನು ತೆಗೆ. ಬೇಡ ಅಂದವರನ್ನು ಬಿಟ್ಟುಬಿಡು. ಪ್ರಿಂಟ್ ಹಾಕಿಸಿ ಒಬ್ಬೊಬ್ಬರ ಕೈಗೂ ಕೊಟ್ಟು ಬಾ. ಘಾಟು ಜೋರಿರುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೋ. ಲೆನ್ಸ್ ಮಾತ್ರ ಅಲ್ಲಿ ಬಿಚ್ಚಬೇಡ, ಪುಡಿ ಒಳಗೆ ಹೋಗುತ್ತದೆ.