ಟೋಕನ್ ಇದ್ರೂ ವೋಟಿಂಗ್ ಪವರ್ ಸೊನ್ನೆ ಯಾಕೆ

ವಾಲೆಟ್‌ನಲ್ಲಿ 50 ಯುಎನ್‌ಐ (ಯೂನಿಸ್ವ್ಯಾಪ್ ಅನ್ನೋ ಕ್ರಿಪ್ಟೋ ಎಕ್ಸ್‌ಚೇಂಜ್‌ನ ಟೋಕನ್) ಇದ್ರೂ ಯೂನಿಸ್ವ್ಯಾಪ್ ಪ್ರಪೋಸಲ್‌ಗೆ (ಪ್ರಸ್ತಾಪಕ್ಕೆ) ವೋಟ್ ಹಾಕೋಕಾಗ್ತಿಲ್ಲ, ಪವರ್ ಸೊನ್ನೆ ತೋರಿಸ್ತಿದೆ ಅಂದ್ರಲ್ಲ, ಟೋಕನ್ ಸುಮ್ನೆ ಇಟ್ಕೊಂಡ್ರೆ ಸಾಕಾಗಲ್ಲ, ಮೊದ್ಲು ಡೆಲಿಗೇಟ್ ಮಾಡ್ಬೇಕು, ಅಂದ್ರೆ ಅದರ ವೋಟಿಂಗ್ ಪವರ್ ಯಾರಿಗೆ ಅಂತ ಹೇಳ್ಬೇಕು, ಬೇರೆಯವರಿಗಾದ್ರೂ ಸರಿ ನಿಮಗೆ ನೀವೇ ಆದ್ರೂ ಸರಿ. ಟೋಕನ್ ಎಲ್ಲೂ ಹೋಗಲ್ಲ, ಒಂದ್ ಸಲ ಗ್ಯಾಸ್ ಫೀ (ಬ್ಲಾಕ್‌ಚೈನ್ ನೆಟ್‌ವರ್ಕ್‌ನ ಶುಲ್ಕ) ಬೀಳುತ್ತೆ ಅಷ್ಟೇ. ಆದ್ರೆ ಈಗ ನಡೀತಿರೋ ವೋಟಿಂಗ್‌ಗೆ ಇದು ಉಪಯೋಗಕ್ಕೆ ಬರಲ್ಲ, ಯಾಕಂದ್ರೆ ವೋಟಿಂಗ್ ಶುರುವಾದ ಬ್ಲಾಕ್‌ನಲ್ಲಿ (ಬ್ಲಾಕ್‌ಚೈನ್‌ನ ಆ ಕ್ಷಣದ ದಾಖಲೆಯಲ್ಲಿ) ಯಾರ ಹತ್ರ ಎಷ್ಟು ಪವರ್ ಇತ್ತೋ ಅದೇ ಲೆಕ್ಕ, ಇಲ್ದಿದ್ರೆ ಮಧ್ಯದಲ್ಲಿ ಟೋಕನ್ ಕೊಂಡು ವೋಟ್ ಹಾಕಿ ಮಾರ್ಕೊಂಡು ಹೋಗೋರು ಇರ್ತಾರೆ.

"50 ಟೋಕನ್‌ಗೆ ಏನ್ ಬೆಲೆ" ಅಂತಾನೂ ಕೇಳಿದ್ರಿ. 2020ರ ಅಕ್ಟೋಬರ್‌ನಲ್ಲಿ ಯೂನಿಸ್ವ್ಯಾಪ್‌ನ ಮೊದಲ್ನೇ ಪ್ರಪೋಸಲ್‌ಗೆ ಪರವಾಗಿ ಸುಮಾರು 3.96 ಕೋಟಿ ವೋಟ್ ಬಿತ್ತು, ವಿರುದ್ಧ 7 ಲಕ್ಷ ಅಷ್ಟೇ, ಆದ್ರೂ ಬಿದ್ದೋಯ್ತು! ಕೋರಂಗೆ, ಅಂದ್ರೆ ಪಾಸಾಗೋಕೆ, ಕನಿಷ್ಠ 4 ಕೋಟಿ ಪರ ವೋಟೇ ಬೇಕಿತ್ತು. ಹಾಗಾಗಿ ಸಣ್ಣವರ ವೋಟೂ ಲೆಕ್ಕಕ್ಕೆ ಬರುತ್ತೆ. ಇಲ್ಲಿ ತಲೆಗೊಂದು ವೋಟಲ್ಲ, ಟೋಕನ್‌ಗೊಂದು ವೋಟು, ಅದು ನನಗೂ ಬೇಜಾರೇ. ಟೈಮ್ ಇಲ್ಲ ಅಂದ್ರೆ ಹಳೇ ವೋಟಿಂಗ್‌ನಲ್ಲಿ ಕಾರಣ ಬರೆದು ವೋಟ್ ಹಾಕಿರೋ ಡೆಲಿಗೇಟ್‌ನ ನೋಡಿ ಅವರಿಗೆ ನಿಮ್ಮ ವೋಟಿಂಗ್ ಪವರ್ ಕೊಡಿ, ಬೇಡ ಅನ್ಸಿದ್ರೆ ಆಮೇಲೆ ಬದಲಾಯಿಸ್ಬಹುದು.