ಕುಡಿದು ಓಡಿಸುವವರ ಮೇಲೆ ದೂರು: ಫೋನಿನಲ್ಲಿ ಏನು ಹೇಳಬೇಕು?

ಪ್ರಶ್ನೆ: ವಿಜಯಪುರದಿಂದ ಕೊಲ್ಹಾರಕ್ಕೆ ಬರುವಾಗ ಕಾರೊಂದು ಹೊಯ್ದಾಡುತ್ತ ಬೈಕಿನವರ ಮೈಮೇಲೇ ಹೋಗುತ್ತಿತ್ತು. ಪೊಲೀಸರಿಗೆ ಏನಂತ ತಿಳಿಸಬೇಕು?
– ಓದುಗರೊಬ್ಬರು, ಬಸವನ ಬಾಗೇವಾಡಿ

ಉತ್ತರ: 112ಕ್ಕೆ ಕರೆ ಮಾಡಿ. ನೀವೇ ಓಡಿಸುತ್ತಿದ್ದರೆ ಮೊದಲು ಗಾಡಿ ಬದಿಗೆ ಹಾಕಿ. ಓಡಿಸುತ್ತ ಫೋನ್ ಹಿಡಿಯುವುದೂ ಅಪರಾಧವೇ. ಮೊದಲ ಮಾತಿನಲ್ಲೇ ಜಾಗ, ದಿಕ್ಕು ಬರಲಿ: ‘ರಾಷ್ಟ್ರೀಯ ಹೆದ್ದಾರಿ 52, ಕೊಲ್ಹಾರದ ಕಡೆ ಹೊರಟಿದೆ, ಈಗ ಇಂಥ ಕಿಲೋಮೀಟರ್ ಕಲ್ಲು ದಾಟಿತು.’ ಬರೀ ‘ಹೈವೇ ಮ್ಯಾಗ’ ಅಂದರೆ ಗಸ್ತಿನವರು ಎತ್ತ ಹೋಗಬೇಕು? ಆಮೇಲೆ ನಂಬರ್, ಬಣ್ಣ, ಮಾದರಿ. ಪೂರ್ತಿ ನಂಬರ್ ಸಿಗದಿದ್ದರೆ ಕೊನೆಯ ನಾಲ್ಕು ಅಂಕಿಯಾದರೂ ಹೇಳಿ. ಕಬ್ಬಿನ ಟ್ರ್ಯಾಕ್ಟರ್‌ಗಳ ಹಿಂದಿನ ಪ್ಲೇಟು ಎಷ್ಟೋ ಸಲ ಜೋತುಬಿದ್ದ ಕಬ್ಬಿನಲ್ಲಿ ಮುಚ್ಚಿಹೋಗಿರುತ್ತದೆ. ಆಗ ಟ್ರೇಲರ್ ಎಷ್ಟು, ಇಂಜಿನ್ ಯಾವ ಬಣ್ಣ ಎಂದು ತಿಳಿಸಿ.

‘ಕುಡಿದಾನ’ ಎಂದು ತೀರ್ಪು ಕೊಡುವುದಕ್ಕಿಂತ ಕಂಡದ್ದನ್ನು ಹೇಳುವುದು ಮೇಲು. ಕುಡಿದದ್ದು ಪರೀಕ್ಷೆಯಲ್ಲಿ ತಿಳಿಯುತ್ತದೆ: 100 ಮಿ.ಲೀ. ರಕ್ತದಲ್ಲಿ ಮದ್ಯಸಾರ (ಆಲ್ಕೋಹಾಲ್) 30 ಮಿ.ಗ್ರಾಂ. ಮೀರಿದರೆ ಮೊದಲ ಸಲವೇ 10,000 ರೂ. ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡೂ. ಬೆನ್ನಟ್ಟಲು, ಅಡ್ಡ ಹಾಕಲು ಹೋಗಬೇಡಿ. ಫೋನ್ ಮಾತ್ರ ಚಾಲೂ ಇರಲಿ, ಗಸ್ತಿನವರು ದಾರಿ ಕೇಳಲು ತಿರುಗಿ ಕರೆ ಮಾಡಬಹುದು.